ಮಾರೋಕೆ ಹೊರಟಿದ್ದ ಮನೆ

ಸಾಗರದಲ್ಲಿ ನಮ್ಮದೊಂದು ಹಂಚಿನ ಮನೆ ಇದೆ. ನಡುಮನೆ, ಒಂದು ರೂಮು, ಅಡುಗೆಮನೆ, ಮುಂದೆ ಜಗುಲಿ, ಅಷ್ಟೇ. ಮೇಷ್ಟ್ರಾಗಿದ್ದ ಅಪ್ಪ ಸಾಲ ಮಾಡಿ ಕಟ್ಟಿಸಿದ ಮೊದಲ ಮನೆ. ದುಡ್ಡು ಸಾಲದೆ, ಯಾರೋ ಹಳೇ ಮನೆ ಕೆಡವಿದಾಗ ಸಿಕ್ಕ ಮಂಗಳೂರು ಹಂಚನ್ನೇ ಹೊದಿಸಿದ್ದರಂತೆ. ಮಳೆಗಾಲದಲ್ಲಿ ಎಲ್ಲಾದರೂ ಸೋರೋದು. ಬಕೆಟ್ ಇಡೋದು ನನ್ನ ಡ್ಯೂಟಿ, ಚೆಲ್ಲೋದು ಅಕ್ಕನ ಡ್ಯೂಟಿ. ಫ್ರೆಂಡ್ಸ್ ಮನೆಯ ಆರ್‌ಸಿಸಿ ನೋಡಿ ನನಗೆ ಹೊಟ್ಟೆಕಿಚ್ಚು.

ಅಪ್ಪ ರಿಟೈರ್ ಆದಮೇಲೆ ಇಬ್ಬರನ್ನೂ ಬೆಂಗಳೂರಿಗೆ ಕರೆತಂದೆ. ಮನೆಗೆ ಬೀಗ ಬಿತ್ತು. 2019ರಲ್ಲಿ ಫ್ಲ್ಯಾಟ್‌ಗೆ ಡೌನ್ ಪೇಮೆಂಟ್ ಹೊಂದಿಸುವಾಗ, "ಅಪ್ಪಾ, ಊರಿನ ಮನೆ ಮಾರಿಬಿಡೋಣ" ಅಂದೆ. "ನಿಂಗೆ ಅನುಕೂಲ ಆಗೋದಾದ್ರೆ ಮಾರು" ಅಂದರು. ಅಮ್ಮ ಏನೂ ಮಾತಾಡಲಿಲ್ಲ. ಗಿರಾಕಿಯೂ ಸಿಕ್ಕಿದರು. ಅಷ್ಟರಲ್ಲಿ ಲಾಕ್‌ಡೌನ್ ಬಂತು.

2020ರ ಜೂನ್‌ನಲ್ಲಿ ಓಡಾಟ ಸಡಿಲವಾದಾಗ ಮೂವರೂ ಸಾಗರಕ್ಕೆ ಹೋದೆವು. ನೆಟ್‌ವರ್ಕ್ ಸಿಗೋದು ಜಗುಲಿಯ ಒಂದು ಮೂಲೆಯಲ್ಲಿ ಮಾತ್ರ, ಅದೇ ನನ್ನ ಆಫೀಸು. ಮೊದಲ ರಾತ್ರಿಯೇ ಲ್ಯಾಪ್‌ಟಾಪ್ ಬ್ಯಾಗ್ ಮೇಲೆ ಟಪ್ ಟಪ್ ಅಂತ ನೀರು.

ಮಳೆ ಹೊಳವಾದ ಮೇಲೆ ನಾನೇ ಮಾಡು ಹತ್ತಿದೆ. ಅಪ್ಪ ಏಣಿ ಹಿಡಿದು ಹೇಳಿಕೊಟ್ಟರು. ಈ ಹಂಚಿಗೆ ಸಿಮೆಂಟ್ ಬೇಡ. ಹಿಂದಿರುವ ಗುಬಟು ರೀಪಿಗೆ ಸಿಕ್ಕಿಕೊಂಡು ಕೂರುತ್ತೆ, ಮೇಲಿನ ಹಂಚಿನ ಅಂಚು ಕೆಳಗಿನದರ ಮೇಲೆ ಬರುತ್ತೆ. ಒಡೆದದ್ದನ್ನಷ್ಟೇ ತೆಗೆದು ಬದಲಾಯಿಸಬಹುದು. ಮೇಷ್ಟ್ರಲ್ವಾ, 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ತೆಗೆದ ಕಥೆಯನ್ನೂ ಕೆಳಗಿಂದಲೇ ಹೇಳಿದರು!

ಬದಲಿ ಹಂಚು ಎಲ್ಲಿದೆ ಅಂತ ಕೇಳಿದಾಗ ಮಂಚದ ಕೆಳಗೆ ತೋರಿಸಿದರು. ಗೋಣಿಚೀಲ ಹೊದಿಸಿ ನೀಟಾಗಿ ಜೋಡಿಸಿದ್ದರು.

"ಮಾರು ಅಂದೋರು ಇದನ್ನ ಯಾಕೆ ಇಟ್ಟಿದ್ರಿ?"

"ಕೊಂಡೋರಿಗೆ ಬೇಕಾಗತ್ತಲ್ಲೋ. ಇದೇ ಅಳತೆದು ಈಗ ಎಲ್ಲಿ ಸಿಗತ್ತೆ?"

ನನಗೆ ಮಾತೇ ಹೊರಡಲಿಲ್ಲ. ಅವತ್ತು ಸಂಜೆ ಗಿರಾಕಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

ಫ್ಲ್ಯಾಟ್ ಇನ್ನೂ ತಗೊಂಡಿಲ್ಲ, ಬಾಡಿಗೆ ಮನೆಯಲ್ಲೇ ಇದ್ದೇವೆ. ಆದರೆ ಪ್ರತಿ ವರ್ಷ ಮುಂಗಾರಿಗೆ ಮುಂಚೆ ತಾಳಗುಪ್ಪದ ರಾತ್ರಿ ರೈಲು ಹತ್ತಿ ಸಾಗರದಲ್ಲಿ ಇಳಿಯುತ್ತೇವೆ. ಹುಬ್ಬಳ್ಳಿಯಿಂದ ಅಕ್ಕನ ಮನೆಯವರೂ ಬರುತ್ತಾರೆ. ಹಗಲು ಹಂಚು ಕೈಯಾಡಿಸೋದು, ರಾತ್ರಿ ನಡುಮನೆಯಲ್ಲಿ ಎಲ್ಲರಿಗೂ ಸಾಲಾಗಿ ಹಾಸಿಗೆ.

ಎಷ್ಟೇ ಕೈಯಾಡಿಸಿದರೂ ಒಂದು ಕಡೆ ಸೋರೇ ಸೋರುತ್ತೆ. ಬಕೆಟ್ ಇಡೋ ಡ್ಯೂಟಿ ಈಗ ಅಕ್ಕನ ಮಗಳದ್ದು.