ಭಟ್ಟರ ಮನೆಯಲ್ಲಿ ಒಂದು ರಾತ್ರಿ

ಕಳೆದ ಡಿಸೆಂಬರಿನಲ್ಲಿ ಮಿಡ್‌ಟರ್ಮ್ ಪರೀಕ್ಷೆ ಮುಗಿದ ವಾರ ನಾನು ಕುಮಾರ ಪರ್ವತ ಹತ್ತಿ ಬಂದೆ. ನಮ್ಮೂರು ದುದ್ದದಲ್ಲಿ ಚಾರಣ ಎಂಬ ಮಾತೇ ಹೊಸದು. ಬೆಟ್ಟ ಎಂದರೆ ನಮಗೆ ಮೇಲುಕೋಟೆ, ಅಲ್ಲಿಗೂ ಬಸ್ಸಿನಲ್ಲೇ ಹೋಗುತ್ತೇವೆ. ಪಕ್ಕದ ಮನೆಯ ಅಣ್ಣ ಮೈಸೂರಿನಲ್ಲಿ ಕೆಲಸದಲ್ಲಿದ್ದಾರೆ. ಅವರೂ ಅವರ ಇಬ್ಬರು ಗೆಳೆಯರೂ ಹೊರಟಿದ್ದರು, ನಾಲ್ಕನೆಯವನಾಗಿ ನನ್ನನ್ನೂ ಕರೆದರು. ಅಮ್ಮಿ ಎರಡು ದಿನ ಬೇಡ ಎಂದರು. ಮೂರನೇ ದಿನ ಅಬ್ಬಾ, "ಹೋಗಲಿ ಬಿಡು, ಆ ಹುಡುಗ ಜೊತೆಯಲ್ಲಿರ್ತಾನಲ್ಲ" ಎಂದ ಮೇಲೆ ಒಪ್ಪಿದರು.

ಮಂಡ್ಯದಿಂದ ರೈಲಿನಲ್ಲಿ ಮೈಸೂರಿಗೆ ಹೋಗಿ ಅಲ್ಲಿ ರಾತ್ರಿ ಬಸ್ಸು ಹಿಡಿದೆವು. ಹುಣಸೂರು, ಕುಶಾಲನಗರ, ಮಡಿಕೇರಿ ದಾಟಿ ಘಾಟಿ ಇಳಿಯುವಾಗ ನನಗೆ ನಿದ್ದೆ ಬಂದಿರಲಿಲ್ಲ. ಆಗ ಅಣ್ಣ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಒಂದು ಮಾತು ಹೇಳಿದರು. "ನೋಡ್ಲಾ, ನಾವು ಹೋಗ್ತಿರೋದು ದೇವಸ್ಥಾನದೂರು. ಸುಮ್ಕೆ ಯಾಕೆ ತೊಂದ್ರೆ? ಅಲ್ಲಿರೋವರ್ಗೂ ನಿನ್ನ ರಾಜು ಅಂತ ಕರೀತೀವಿ."

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮೊಬೈಲಿನಲ್ಲಿ ಆ ಕಡೆಯ ಜಗಳಗಳ ಸುದ್ದಿಯನ್ನು ಅವರೂ ನೋಡಿದ್ದರು, ನಾನೂ ನೋಡಿದ್ದೆ. ನಾನು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು.

ಕುಮಾರ ಪರ್ವತದ ಎತ್ತರ 1,712 ಮೀಟರ್. ದಕ್ಷಿಣ ಕನ್ನಡ ಮತ್ತು ಕೊಡಗಿನ ಗಡಿಯಲ್ಲಿದೆ. ಸುತ್ತಲಿನ ಕಾಡು ಪುಷ್ಪಗಿರಿ ವನ್ಯಧಾಮಕ್ಕೆ ಸೇರಿದ್ದು, 1987ರಲ್ಲಿ ಇದನ್ನು ವನ್ಯಧಾಮವೆಂದು ಘೋಷಿಸಿದರು. ಮೇಲಕ್ಕೆ ಹೋಗಲು ಎರಡು ದಾರಿಗಳಿವೆ. ಒಂದು ಸೋಮವಾರಪೇಟೆ ಕಡೆಯಿಂದ, ಇನ್ನೊಂದು ಕುಕ್ಕೆ ಸುಬ್ರಹ್ಮಣ್ಯದಿಂದ. ಸುಬ್ರಹ್ಮಣ್ಯದ ದಾರಿಯೇ ಹೆಚ್ಚು ಕಷ್ಟದ್ದು. ಮೊದಲ ಐದಾರು ಕಿಲೋಮೀಟರ್ ಪೂರ್ತಿ ದಟ್ಟ ಕಾಡಿನೊಳಗೆ ಏರು. ಮರದ ಬೇರುಗಳೇ ಮೆಟ್ಟಿಲು. ನಾನು ದಿನವೂ ಸೈಕಲ್ ತುಳಿಯುವವನು, ಆದರೂ ಎರಡನೇ ಗಂಟೆಗೆ ಕಾಲು ನಡುಗತೊಡಗಿತು. ಒಮ್ಮೆಲೇ ಮರಗಳು ವಿರಳವಾಗಿ ಅಡಿಕೆ ತೋಟ ಕಾಣಿಸಿತು, ಅದರ ನಡುವೆ ಒಂದು ಹೆಂಚಿನ ಮನೆ. ಆ ಜಾಗಕ್ಕೆ ಗಿರಿಗದ್ದೆ ಎಂದು ಹೆಸರು. ಚಾರಣಿಗರೆಲ್ಲ ಕರೆಯುವುದು ಭಟ್ಟರ ಮನೆ ಎಂದು.

ಇದು ಲಾಡ್ಜ್ ಅಲ್ಲ, ಹೋಟೆಲ್ಲೂ ಅಲ್ಲ. ಒಂದು ಸಂಸಾರ ಬಾಳುವ ಮನೆ. ಬೆಟ್ಟ ಹತ್ತುವವರಿಗೆ ವರ್ಷಗಳಿಂದ ಊಟ ಹಾಕುತ್ತಾ, ಮಲಗಲು ಜಾಗ ಕೊಡುತ್ತಾ ಬಂದಿದೆ. ಮೊದಲೇ ಫೋನ್ ಮಾಡಿ ಎಷ್ಟು ಜನ ಎಂದು ಹೇಳಿರಬೇಕು. ಅಣ್ಣ ಹೇಳಿದ್ದರು. ನಾವು ಅಂಗಳ ಮುಟ್ಟಿದಾಗ ಮಧ್ಯಾಹ್ನ ಎರಡಾಗಿತ್ತು. ಅಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ನಾಲ್ಕು ಊಟ ಅಲ್ವಾ?"

ಅನ್ನ, ಸಾಂಬಾರು, ಉಪ್ಪಿನಕಾಯಿ, ಮಜ್ಜಿಗೆ. ಸಸ್ಯಾಹಾರವಾದ್ದರಿಂದ ಹಲಾಲಿನ ಚಿಂತೆ ಇರಲಿಲ್ಲ. ಎಷ್ಟು ಬೇಕಾದರೂ ಬಡಿಸಿಕೊಳ್ಳಬಹುದು. ಹಸಿದ ಹೊಟ್ಟೆಗೆ ಅದು ಮದುವೆ ಊಟಕ್ಕಿಂತ ಹೆಚ್ಚಾಗಿತ್ತು. ಅಲ್ಲಿ ಕೆಲಸಕ್ಕಿದ್ದ ಹಿರಿಯರೊಬ್ಬರು ಬಡಿಸುತ್ತಿದ್ದರು. ಅಣ್ಣ ನನ್ನನ್ನು "ರಾಜು" ಎಂದು ಕರೆದದ್ದು ಅವರ ಕಿವಿಗೆ ಬಿತ್ತು. ಸಾಂಬಾರಿನ ಪಾತ್ರೆ ಹಿಡಿದು ನನ್ನ ಮುಂದೆ ನಿಂತು, "ರಾಜು, ಇನ್ನೊಂಚೂರು ಹಾಕಲಾ?" ಎಂದರು. ನಾನು ಸಾಕು ಎಂದೆ. ಹಸಿವು ಹೋಗಿರಲಿಲ್ಲ. ಆ ಹೆಸರು ಕೇಳಿ ತುತ್ತು ಗಂಟಲಲ್ಲೇ ನಿಂತಿತ್ತು.

ಊಟದ ಮೇಲೆ ನಮ್ಮ ತಟ್ಟೆ ನಾವೇ ತೊಳೆದಿಟ್ಟು ಜಗುಲಿಯಲ್ಲಿ ಕೂತೆವು. ಎದುರಿಗೆ ಹುಲ್ಲಿನ ಗುಡ್ಡಗಳು ಒಂದರ ಹಿಂದೆ ಒಂದು ಎದ್ದಿದ್ದವು. ಅಣ್ಣನ ಗೆಳೆಯರೊಬ್ಬರಿಗೆ ಜಪಾನಿನ ವಿಡಿಯೊ ನೋಡುವ ಹುಚ್ಚು. ಅಲ್ಲಿ ಕುಮಾನೊ ಕೊದೊ ಎಂಬ ಹಳೆಯ ಯಾತ್ರೆಯ ಕಾಲುದಾರಿಗಳಿವೆಯಂತೆ. 2004ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಆ ದಾರಿಗಳ ಉದ್ದಕ್ಕೂ ಊರಿನವರು ತಮ್ಮ ಮನೆಯಲ್ಲೇ ನಡೆದು ಬಂದವರನ್ನು ಉಳಿಸಿಕೊಳ್ಳುತ್ತಾರೆ. ಅಂಥ ಮನೆಗೆ ಮಿನ್‌ಶುಕು ಎನ್ನುತ್ತಾರೆ. ಮನೆಯವರೇ ಅಡುಗೆ ಮಾಡುತ್ತಾರೆ, ಹೇಳಿದ ಹೊತ್ತಿಗೆ ಊಟಕ್ಕೆ ಕೂರಬೇಕು, ರಾತ್ರಿ ಚಾಪೆಯ ನೆಲದ ಮೇಲೆ ಹಾಸಿಗೆ ಬಿಚ್ಚಿಕೊಂಡು ಮಲಗಬೇಕು. ಇದನ್ನೆಲ್ಲ ಹೇಳಿ ಅವರು, "ಅಲ್ಲಿಗೆ ಹೋಗೋಕೆ ಲಕ್ಷ ಬೇಕು. ಇಲ್ಲಿ ನಮ್ಮ ಪಾಲಿಗೆ ಇದೇ ಮಿನ್‌ಶುಕು" ಎಂದು ನಕ್ಕರು.

ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕಾಮರ್ಸ್ ಓದುವವನ ಚಟ. ಈ ಮನೆಗೆ ವಾಹನ ಬರುವ ರಸ್ತೆ ಇಲ್ಲ. ನಾನು ಒಂದು ಚೀಲ ಬೆನ್ನಿಗೆ ಹಾಕಿಕೊಂಡು ಹತ್ತಲಾರದೆ ಹತ್ತಿದ ದಾರಿಯಲ್ಲೇ ಅಕ್ಕಿ, ಬೇಳೆ, ಎಣ್ಣೆ ಹೊತ್ತು ತರಬೇಕು. ನಮ್ಮೂರಿನ ಅಂಗಡಿಯ ಬೆಲೆಗೆ ಹೊರುವ ಕೂಲಿಯನ್ನೂ ಸೇರಿಸಿ ಊಟದ ಬೆಲೆ ಕಟ್ಟಬೇಕು. ಮಳೆಗಾಲದಲ್ಲಿ ಚಾರಣಕ್ಕೆ ಬಿಡುವುದಿಲ್ಲ, ಆಗ ಗಿರಾಕಿಯೇ ಇಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಈ ದಾರಿಯಲ್ಲಿ ಜನ ಜಾತ್ರೆಯಂತೆ ನಿಂತ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಆಮೇಲೆ ಅರಣ್ಯ ಇಲಾಖೆ ಕೆಲವು ತಿಂಗಳು ಚಾರಣ ನಿಲ್ಲಿಸಿ, ಆನ್‌ಲೈನಿನಲ್ಲಿ ಮೊದಲೇ ಟಿಕೆಟ್ ಪಡೆದವರಿಗೆ ಮಾತ್ರ ಅವಕಾಶ ಎಂದಿತು. ಇಷ್ಟೆಲ್ಲದರ ನಡುವೆ ಒಂದು ಮನೆ ನಡೆಯಬೇಕು.

ನಮ್ಮ ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಎಂಬ ಪಾಠವಿದೆ. ಕಣ್ಣಿಗೆ ಕಾಣದ ಆಸ್ತಿ. ಸರಾಸರಿ ಲಾಭ ವಿಧಾನ, ಅಧಿಕ ಲಾಭ ವಿಧಾನ ಎಂದು ಅದರ ಬೆಲೆ ಕಟ್ಟುವುದನ್ನು ಪರೀಕ್ಷೆಗೆ ಕಲಿತಿದ್ದೆ, ಅಂಕವೂ ಬಂದಿತ್ತು. ಈ ಮನೆಯ ಗುಡ್‌ವಿಲ್ ಯಾವುದರಿಂದ ಬಂತು? ಬಂದವರಿಗೆಲ್ಲ ಒಂದೇ ಸೌಟು, ಒಂದೇ ಬೆಲೆ. ಅದನ್ನು ನಂಬಿಕೊಂಡು ಜನ ಬುತ್ತಿಯಿಲ್ಲದೆ ಬೆಟ್ಟ ಹತ್ತುತ್ತಾರೆ. ನಾನೂ ಅದನ್ನು ನಂಬಿಯೇ ಹತ್ತಿದ್ದೆ. ಆದರೆ ನನ್ನ ಹೆಸರಿನ ವಿಷಯಕ್ಕೆ ಬಂದಾಗ ಮಾತ್ರ ನಂಬಿರಲಿಲ್ಲ.

ಮುಸಾಫಿರನಿಗೆ ನಮಾಜಿನಲ್ಲೂ ರಿಯಾಯಿತಿ ಇದೆ. ನಾಲ್ಕು ರಕಾತ್ ಎರಡಾಗುತ್ತದೆ. ಆ ರಾತ್ರಿ ಇಶಾ ನಮಾಜನ್ನು ಕತ್ತಲಲ್ಲಿ ಹಾಗೇ ಎರಡು ರಕಾತ್ ಮಾಡಿ ಮಲಗಿದ್ದೆ. ಆದರೆ ಸುಳ್ಳು ಹೆಸರಿಗೆ ಯಾವ ರಿಯಾಯಿತಿ ಇದೆ? ಅದನ್ನೇ ಯೋಚಿಸುತ್ತಾ ಎಷ್ಟೋ ಹೊತ್ತಿಗೆ ನಿದ್ದೆ ಹತ್ತಿತು.

ಫಜರ್ ಹೊತ್ತಿಗೆ ಎಚ್ಚರವಾಯಿತು. ತಣ್ಣೀರಿನಲ್ಲಿ ವುಜೂ ಮಾಡಿ, ಮೊಬೈಲಿನಲ್ಲಿ ದಿಕ್ಕು ನೋಡಿಕೊಂಡು, ಯಾರಿಗೂ ಕಾಣದಂತೆ ತೋಟದ ಅಂಚಿಗೆ ಹೋದೆ. ಟವೆಲ್ ಹಾಸಿ ಕೈ ಕಟ್ಟಿದೆ. ಸಲಾಂ ಮುಗಿಸಿ ತಿರುಗಿದರೆ ಹಿಂದಿನ ದಿನ ಬಡಿಸಿದ ಹಿರಿಯರು ನೀರಿನ ಕೊಡ ಹಿಡಿದು ಸ್ವಲ್ಪ ದೂರದಲ್ಲಿ ನಿಂತಿದ್ದರು. ನಾನು ಮುಗಿಸಲಿ ಎಂದೇ ಕಾದಿದ್ದರೆಂದು ಕಾಣುತ್ತದೆ. ನನ್ನ ಎದೆ ಹೊಡೆದುಕೊಂಡಿತು.

"ಅಲ್ಲಿ ನೆಲ ಒದ್ದೆ ಉಂಟಲ್ಲ, ಮಾರಾಯ. ಕೇಳಿದ್ರೆ ಗೋಣಿ ಕೊಡ್ತಿದ್ದೆ" ಎಂದರು.

ನನ್ನ ಪ್ಯಾಂಟಿನ ಮಂಡಿ ನಿಜಕ್ಕೂ ಒದ್ದೆಯಾಗಿತ್ತು. ನಾನು ಎದ್ದು ನಿಂತು, "ನನ್ನ ಹೆಸರು ರಾಜು ಅಲ್ಲ" ಎಂದೆ.

"ಹೌದಾ? ಮತ್ತೆಂತ?"

ಹೇಳಿದೆ. ಅವರು ಒಂದು ಸಲ ತಾವೇ ಹೇಳಿ ನೋಡಿದರು, ಸರಿಯಾಯಿತೇ ಎನ್ನುವಂತೆ ನನ್ನ ಮುಖ ನೋಡಿದರು. ಆಮೇಲೆ, "ನಿನ್ನೆ ಯಾರೂ ನಿನ್ನ ಹೆಸರು ಕೇಳ್ಲಿಲ್ಲವಲ್ಲ. ಎಷ್ಟು ಊಟ ಅಂತ ಮಾತ್ರ ಕೇಳಿದ್ದು" ಎಂದು ಕೊಡ ಎತ್ತಿಕೊಂಡು ಹೋದರು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ನಾನು ಮೈಸೂರಿನಿಂದಲೇ ಸುಳ್ಳು ಉತ್ತರ ತಂದಿದ್ದೆ.

ತಿಂಡಿಗೆ ಅವಲಕ್ಕಿ. ಅಣ್ಣ "ರಾಜು, ಬಾರ್ಲಾ" ಎಂದು ಕೂಗಿದರು. ಅದೇ ಹೊತ್ತಿಗೆ ಹಿರಿಯರು ಅಂಗಳದ ಆ ತುದಿಯಿಂದ ನನ್ನ ನಿಜವಾದ ಹೆಸರು ಹಿಡಿದು, "ಚಾ ಬೇಕಾ?" ಎಂದು ಕೂಗಿದರು. ಹತ್ತಿಪ್ಪತ್ತು ಜನ ಚಾರಣಿಗರಿದ್ದರು. ಒಬ್ಬರೂ ತಲೆಯೆತ್ತಿ ನೋಡಲಿಲ್ಲ. ಅವರವರ ಅವಲಕ್ಕಿ ಅವರವರಿಗೆ. ಅಣ್ಣನ ಮುಖ ಮಾತ್ರ ಕೆಂಪಾಯಿತು.

ಮನೆಯಿಂದ ಸ್ವಲ್ಪ ಮುಂದೆ ಅರಣ್ಯ ಇಲಾಖೆಯ ತನಿಖಾ ಠಾಣೆ ಇದೆ. ಅಲ್ಲಿ ಟಿಕೆಟನ್ನೂ ಆಧಾರ್ ಕಾರ್ಡನ್ನೂ ತೋರಿಸಿದೆವು. ಟಿಕೆಟ್ ಮಾಡಿಸುವಾಗ ಅಣ್ಣನೇ ನನ್ನ ನಿಜ ಹೆಸರು ಹಾಕಿದ್ದರು. ಅಂದರೆ ಆ ಸುಳ್ಳು ಹೇಗೂ ಇಲ್ಲಿಗಿಂತ ಮುಂದೆ ಹೋಗುತ್ತಿರಲಿಲ್ಲ. ನಾನೇ ಬಾಯಿಬಿಟ್ಟು ಹೇಳಿದ್ದು ಒಳ್ಳೆಯದಾಯಿತು ಎನಿಸಿತು.

ಅಲ್ಲಿಂದ ಮೇಲೆ ಮರಗಳಿಲ್ಲ, ಬಿಸಿಲು ಬೀಳುವ ಹುಲ್ಲುಗಾವಲು. ಕಲ್ಲು ಮಂಟಪದ ತನಕ ಅಣ್ಣ ಮಾತಾಡಲಿಲ್ಲ. ಅಲ್ಲಿ ನೀರು ಕುಡಿದು, "ನಿನ್ನ ಒಳ್ಳೇದಕ್ಕೇ ಕಣ್ಲಾ ಹಂಗಂದಿದ್ದು" ಎಂದರು.

"ಗೊತ್ತು ಅಣ್ಣ."

ಇನ್ನೂ ಸ್ವಲ್ಪ ದೂರ ಹತ್ತಿದ ಮೇಲೆ ನಿಂತು ಕೇಳಿದರು: "ನಿಮ್ಮಪ್ಪನ ಹೆಸರೇನ್ಲಾ? ಇಷ್ಟು ವರ್ಷ ಸಾಬಣ್ಣ ಅಂತ್ಲೇ ಕರ್ದಿದೀನಿ."

ನಾನು ಹೇಳಿದೆ. ನಮ್ಮೂರಿನಲ್ಲಿ ಅಬ್ಬಾ ಎಲ್ಲರಿಗೂ ಸಾಬಣ್ಣ, ನಾನು ಸಾಬ್ರ ಹುಡುಗ. ಅದರಲ್ಲಿ ಪ್ರೀತಿ ಇದೆ, ಇಲ್ಲವೆನ್ನುವುದಿಲ್ಲ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಗೋಡೆ ಅಷ್ಟೇ. ಹಬ್ಬಕ್ಕೆ ಅವರ ಮನೆಯ ಒಬ್ಬಟ್ಟು ನಮಗೆ ಬರುತ್ತದೆ, ನಮ್ಮ ಶೀರ್ ಖುರ್ಮಾ ಅವರಿಗೆ ಹೋಗುತ್ತದೆ. ಆದರೂ ಅಬ್ಬಾನ ಹೆಸರು ಅವರಿಗೆ ಗೊತ್ತಿಲ್ಲವೆಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅವರಿಗೂ ಹೊಳೆದಿರಲಿಲ್ಲ.

ಶೇಷ ಪರ್ವತ ದಾಟಿ, ಮತ್ತೆ ಒಂದು ಚಿಕ್ಕ ಕಾಡು ಹೊಕ್ಕು, ಕೊನೆಯಲ್ಲಿ ಕೈಯೂರಿ ಬಂಡೆ ಹತ್ತಿದರೆ ತುದಿ. ಅಲ್ಲಿ ಗಾಳಿ ಜೋರಾಗಿತ್ತು. ಅರ್ಧ ಗಂಟೆ ಕೂತು ಇಳಿದೆವು. ಸತ್ಯವಾಗಿ ಹೇಳುತ್ತೇನೆ, ತುದಿಗಿಂತ ನನಗೆ ಹೆಚ್ಚು ನೆನಪಿರುವುದು ಆ ಅಂಗಳ. ವಾಪಸು ಬರುವಾಗ ಮತ್ತೆ ಅಲ್ಲೇ ಊಟ. ಈ ಸಲ ಎರಡು ಸಲ ಅನ್ನ ಹಾಕಿಸಿಕೊಂಡೆ. ಲೆಕ್ಕದ ಪ್ರಕಾರ ದುಡ್ಡು ಕೊಟ್ಟೆವು. ದುಡ್ಡು ಕೊಟ್ಟು ಉಣ್ಣುವುದು ಋಣವಲ್ಲ ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಹಾಗೇನಿಲ್ಲ.

ಮನೆಗೆ ಬಂದು ಅಮ್ಮಿಗೆ ಎಲ್ಲವನ್ನೂ ಹೇಳಿದೆ. ಅಮ್ಮಿ ಒದ್ದೆ ನೆಲದ ವಿಷಯ ಬಂದಾಗ ಮಾತ್ರ ಮಧ್ಯೆ ಬಾಯಿ ಹಾಕಿ, "ಜಾನಮಾಜ್ ತೆಗೆದುಕೊಂಡು ಹೋಗು ಅಂದಿರಲಿಲ್ಲವಾ?" ಎಂದು ಬೈದರು. ಮರುದಿನ ಬೆಳಿಗ್ಗೆ ಅಣ್ಣ ಮೈಸೂರಿಗೆ ಹೊರಡುವ ಮುಂಚೆ ನಮ್ಮ ಬಾಗಿಲ ಮುಂದೆ ನಿಂತು ಅಬ್ಬಾನನ್ನು ಹೆಸರು ಹಿಡಿದು, ಕೊನೆಗೆ 'ಅಣ್ಣ' ಸೇರಿಸಿ ಕರೆದರು. ಅಬ್ಬಾ ಯಾರೋ ಬ್ಯಾಂಕಿನವರು ಬಂದಿರಬೇಕೆಂದು ಗಾಬರಿಯಿಂದ ಅಂಗಿ ಹಾಕಿಕೊಂಡು ಓಡಿ ಬಂದರು.

ನಮ್ಮ ಕಾಲೇಜಿನಿಂದ ಯಾರಾದರೂ ಕುಮಾರ ಪರ್ವತಕ್ಕೆ ಹೋಗುವುದಾದರೆ ನಾಲ್ಕು ಮಾತು. ಟಿಕೆಟ್ ಮೊದಲೇ ಮಾಡಿಸಿ. ಭಟ್ಟರ ಮನೆಗೆ ಮುಂಚಿತವಾಗಿ ಫೋನ್ ಮಾಡಿ ಎಷ್ಟು ಊಟ ಎಂದು ಹೇಳಿ, ಉಂಡ ತಟ್ಟೆ ತೊಳೆದಿಡಿ. ಜಾನಮಾಜ್ ಮರೆಯಬೇಡಿ, ಬೆಳಗಿನ ನೆಲ ಒದ್ದೆ ಇರುತ್ತದೆ. ಯಾರಾದರೂ ಹೆಸರು ಕೇಳಿದರೆ ನಿಮ್ಮ ಹೆಸರನ್ನೇ ಹೇಳಿ.