ಪಾಠ ಮನೆಯಲ್ಲಿ, ಮಾತು ಕ್ಲಾಸಿನಲ್ಲಿ

ಪುಣೆಯವರಿಗೆ ಭಾಷಣ ಕೇಳುವ ಚಟ. ನ್ಯಾಯಮೂರ್ತಿ ರಾನಡೆಯವರು 1875ರಲ್ಲಿ ಶುರುಮಾಡಿದ ವಸಂತ ವ್ಯಾಖ್ಯಾನಮಾಲೆ ಇನ್ನೂ ನಡೆಯುತ್ತಿದೆ. ಒಬ್ಬರು ಮಾತಾಡಬೇಕು, ಉಳಿದವರು ತಲೆದೂಗಬೇಕು ಎಂಬುದು ಇಲ್ಲಿನ ಸಂಪ್ರದಾಯ.

ಅಂಥ ಊರಿನಲ್ಲಿ ಕಾಲೇಜು ಓದುವ ನನ್ನ ಸೋದರಳಿಯನ ದೂರು ಕೇಳಿ: "ಮಾಮಾ, ನಮ್ಮ ಸರ್ ಕ್ಲಾಸಿನ್ಯಾಗ ಲೆಕ್ಚರ್ ಬಿಟ್ಟಾರ್ರೀ. ಬೆಂಚ್ ಗುಂಡಗ ಹಾಕ್ಯಾರ. ಲಾಸ್ಟ್ ಬೆಂಚೇ ಇಲ್ಲ!" ಪಾಠದ ವಿಡಿಯೊ ರಾತ್ರಿ ಹಾಸ್ಟೆಲಿನಲ್ಲಿ ನೋಡಿಕೊಂಡು ಬರಬೇಕು, ಲೆಕ್ಕ, ವಾದ, ತಕರಾರು ಎಲ್ಲ ಕ್ಲಾಸಿನಲ್ಲಿ. ಇದಕ್ಕೆ ಫ್ಲಿಪ್ಡ್ ಕ್ಲಾಸ್‌ರೂಮ್ ಎನ್ನುತ್ತಾರೆ. ಅಮೆರಿಕದ ಕೊಲರಾಡೊದಲ್ಲಿ ಬರ್ಗ್‌ಮನ್ ಮತ್ತು ಸ್ಯಾಮ್ಸ್ ಎಂಬ ಇಬ್ಬರು ಕೆಮಿಸ್ಟ್ರಿ ಮೇಷ್ಟ್ರುಗಳು 2007ರಲ್ಲಿ ಪಾಠ ರೆಕಾರ್ಡ್ ಮಾಡತೊಡಗಿದ್ದು, ಕ್ಲಾಸು ತಪ್ಪಿಸಿಕೊಂಡ ಮಕ್ಕಳಿಗಾಗಿ. ಚಕ್ಕರ್ ಹೊಡೆದವರಿಂದಲೂ ಶಿಕ್ಷಣಕ್ಕೆ ಇಷ್ಟು ಉಪಕಾರವಾಗಿದೆ!

ಅದಕ್ಕೂ ಮೊದಲೇ, 1990ರ ದಶಕದ ಆರಂಭದಲ್ಲಿ, ಹಾರ್ವರ್ಡಿನ ಎರಿಕ್ ಮಜೂರ್ ಇದರ ಗುಟ್ಟು ಕಂಡುಕೊಂಡಿದ್ದರು. ಅವರ ಹುಡುಗರು ಸೂತ್ರ ಹಾಕಿ ಕಷ್ಟದ ಲೆಕ್ಕ ಬಿಡಿಸುತ್ತಿದ್ದರು. ಆದರೆ ಭಾರದ ಲಾರಿ, ಹಗುರ ಕಾರು ಡಿಕ್ಕಿಯಾದರೆ ಯಾವುದರ ಬಲ ಹೆಚ್ಚು ಎಂದರೆ ಲಾರಿಯದೇ ಎನ್ನುತ್ತಿದ್ದರು. ಎರಡೂ ಸಮ ಎಂದು ನ್ಯೂಟನ್ ಹೇಳಿದ್ದು ಅವರಿಗೆ ಬಾಯಿಪಾಠ, ನಂಬಿಕೆ ಮಾತ್ರ ಇಲ್ಲ. ಎಷ್ಟು ಬಿಡಿಸಿ ಹೇಳಿದರೂ ತಿಳಿಯದ ಒಂದು ಪ್ರಶ್ನೆಯನ್ನು "ನೀವು ನೀವೇ ಮಾತಾಡಿಕೊಳ್ಳಿ" ಎಂದು ಬಿಟ್ಟುಕೊಟ್ಟರೆ, ಸಂತೆ ಗದ್ದಲವೆದ್ದು ಕೆಲವೇ ನಿಮಿಷಗಳಲ್ಲಿ ವಿಷಯ ಬಗೆಹರಿಯಿತು. ಈಗಷ್ಟೇ ಅರ್ಥವಾದವನಿಗೆ ತಾನೆಲ್ಲಿ ಎಡವಿದ್ದೆ ಎಂಬುದು ನೆನಪಿರುತ್ತದೆ. ಮೂವತ್ತು ವರ್ಷ ಕಲಿಸಿದವರ ಕಣ್ಣಿಗೆ ಆ ಕಲ್ಲೇ ಬೀಳುವುದಿಲ್ಲ.

ಪುಣೆಯಲ್ಲಿ ಈ ವಿದ್ಯೆಗೆ ಬೇರೆ ಕೊಠಡಿಯೂ ಇದೆ. ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿದ ಫರ್ಗುಸನ್ ಕಾಲೇಜಿನ ರಸ್ತೆಯಲ್ಲಿ, ನಮ್ಮ ಕಡೆಯ ಜಗನ್ನಾಥ ಶೆಟ್ಟರು ಬೆಳೆಸಿದ 'ವೈಶಾಲಿ' ಹೋಟೆಲು. ಮೊನ್ನೆ ಪಕ್ಕದ ಟೇಬಲಿನಲ್ಲಿ ಇಬ್ಬರು ಹುಡುಗಿಯರು ಸಾಂಬಾರ್ ಬಟ್ಟಲಿಗೆ ಫೋನು ಒರಗಿಸಿ ವಿಡಿಯೊ ನೋಡುತ್ತಿದ್ದರು, ಅದೂ ಒಂದೂವರೆ ಪಟ್ಟು ವೇಗದಲ್ಲಿ. ತಡವಾಗಿ ಬಂದ ಮೂರನೆಯವಳು "ಥೋಡಕ್ಯಾತ್ ಸಾಂಗ್" ಎಂದಳು, ಚುಟುಕಾಗಿ ಹೇಳು ಅಂತ. ಹೇಳಲು ಹೊರಟವಳು ಅರ್ಧಕ್ಕೆ ತಡವರಿಸಿ, ವಿಡಿಯೊ ಹಿಂದಕ್ಕೆ ಎಳೆದು, ಮತ್ತೆ ನೋಡಿದಳು. ಅವಳ ನಿಜವಾದ ಓದು ಶುರುವಾದದ್ದು ಆಗ.

ಈ ಪದ್ಧತಿ ಮುಗ್ಗರಿಸುವುದೂ ವಿಡಿಯೊ ನೋಡದೆ ಬಂದವರಿಂದಲೇ. ಅವರಿಗಾಗಿ ಮರುಕಪಟ್ಟು ಮೇಷ್ಟ್ರು ಪಾಠವನ್ನು ಬೋರ್ಡಿನ ಮೇಲೆ ಮತ್ತೆ ಮಾಡಿದರೆ, ನಾಳೆಯಿಂದ ಯಾರೂ ವಿಡಿಯೊ ನೋಡುವುದಿಲ್ಲ. ಸೊಗಸಾಗಿ ಮಾತಾಡಬಲ್ಲ ಅಧ್ಯಾಪಕರಿಗೆ ಸುಮ್ಮನಿರುವುದು ಇನ್ನೂ ಕಷ್ಟ.

ತಯಾರಾಗದೆ ಬರುವವರಿಗಾಗಿ ಮಜೂರ್ ಒಂದು ಉಪಾಯ ಮಾಡಿದ್ದರು. ಕ್ಲಾಸಿಗೆ ಬರುವ ಮೊದಲೇ ಹುಡುಗರು ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸಬೇಕು. ಯಾವುದು ತಿಳಿಯಲಿಲ್ಲ ಎಂಬುದೂ ಅದರಲ್ಲೊಂದು ಪ್ರಶ್ನೆ. ಉತ್ತರ ತಪ್ಪಾದರೂ ಪ್ರಯತ್ನಕ್ಕೆ ಅಂಕ. ತಿಳಿಯಲಿಲ್ಲ ಎಂದದ್ದಕ್ಕೂ ಅಂಕ ಕೊಡುವ ಪರೀಕ್ಷೆ ನಮ್ಮ ಕಾಲದಲ್ಲಿದ್ದಿದ್ದರೆ, ಯೂನಿವರ್ಸಿಟಿಗೆ ನಾನೇ ಮೊದಲಿಗ.