ಗಂಡಿನ ವಾಚು, ಹೆಣ್ಣಿನ ವಾಚು

ನಮ್ಮ ಮಂಡ್ಯ ಸೀಮೆಯ ಮದುವೆ ಮಾತುಕತೆಯಲ್ಲಿ ವಾಚಿಗೊಂದು ಖಾಯಂ ಜಾಗವಿದೆ. ಗಂಡಿಗೆ ಬಟ್ಟೆ, ಉಂಗುರ, ವಾಚು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಒಂದು ಕಾಲಕ್ಕೆ ವಾಚೆಂದರೆ ಎಚ್‌ಎಂಟಿ. ಈಗ ಕಂಪನಿಯ ಹೆಸರನ್ನೂ ಗಂಡಿನ ಕಡೆಯವರು ಮೆಲ್ಲಗೆ ಸೂಚಿಸುವುದುಂಟು. ಅದು ಎಷ್ಟು ಚೆನ್ನಾಗಿ ಓಡುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಎಷ್ಟಕ್ಕೆ ಬಂತು ಎಂದು ಕೇಳದವರನ್ನೂ ಕಂಡಿಲ್ಲ.

ಪಾಂಡವಪುರದಲ್ಲಿರುವ ನನ್ನ ಅಕ್ಕನ ಮಗಳಿಗೆ ಮದುವೆ ಗೊತ್ತಾದಾಗ ಗಂಡಿನ ವಾಚಿಗೆಂದು ಮನೆಯಲ್ಲಿ 20 ಸಾವಿರ ಎತ್ತಿಟ್ಟರು. ಒಡವೆ ಅಡವಿಟ್ಟು ತಂದ ಸಾಲದಲ್ಲಿ ಅದೂ ಒಂದು ಪಾಲು. ಹುಡುಗಿ ಸ್ಟಾಫ್ ನರ್ಸ್. ದಿನಕ್ಕೆ ಐವತ್ತು ಸಲ ಗಡಿಯಾರ ನೋಡುವ ಕೆಲಸ ಅವಳದು. ಆದರೆ ಅವಳ ವಾಚು ಯಾರ ಪಟ್ಟಿಯಲ್ಲೂ ಇರಲಿಲ್ಲ. “ಮಾವ, ನನ್ನ ಸಂಬಳದ್ದು ಎಂಟು ಸಾವ್ರ ಐತೆ. ಡ್ಯೂಟಿಗೆ ಒಂದು ವಾಚ್ ತಕಬೇಕು. ಚೆನ್ನಾಗಿರೋದು ಯಾವ್ದು ಅಂತ ಹೆಂಗ್ ನೋಡದು?” ಎಂದು ನನ್ನನ್ನು ಕೇಳಿದಳು.

ಎಂಟು ಸಾವಿರ ಕಷ್ಟದ ಮೊತ್ತ. ಐನೂರು ರೂಪಾಯಿಯ ವಾಚಿನಿಂದ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ. ಲಕ್ಷದ ವಾಚಿಗೆ ಅದರ ಹೆಸರೇ ಸಾಕ್ಷಿ. ನಡುವಿನ ಬೆಲೆಯಲ್ಲಿ ಮಾತ್ರ ಪ್ರತಿ ರೂಪಾಯಿ ಎಲ್ಲಿಗೆ ಹೋಯಿತೆಂದು ಲೆಕ್ಕ ಕೇಳಬೇಕಾಗುತ್ತದೆ.

ಮೊದಲು ನಿಖರತೆ. ದಿನಕ್ಕೆ 86,400 ಸೆಕೆಂಡು. ನಮ್ಮಪ್ಪನ ಮದುವೆಗೆ ಕೊಟ್ಟ ಎಚ್‌ಎಂಟಿ ಜನತಾ ಇನ್ನೂ ಓಡುತ್ತದೆ. ಕೀ ಕೊಡುವ ವಾಚು ಅದು. ಒಳಗಿನ ಚಕ್ರ ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ ಐದು ಸಲ ಮಿಡಿಯುತ್ತದೆ. ದಿನಕ್ಕೆ ಸುಮಾರು 40 ಸೆಕೆಂಡು ಹಿಂದೆ ಬೀಳುತ್ತದೆ. ಸೆಲ್ಲಿನ ವಾಚಿನಲ್ಲಿ ಸ್ಫಟಿಕದ ಚೂರೊಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ತಿಂಗಳಿಗೆ ಹದಿನೈದಿಪ್ಪತ್ತು ಸೆಕೆಂಡು ಆಚೀಚೆ ಆದರೆ ಹೆಚ್ಚು. ಹಾಗಾದರೆ ಅಪ್ಪನ ವಾಚು ನರ್ಸಿಗೆ ಬಾರದೆ? ನಾಡಿಯನ್ನು ಮೂವತ್ತು ಸೆಕೆಂಡು ಎಣಿಸಿದರೆ ಅಷ್ಟರಲ್ಲಿ ಆ ವಾಚು ತಪ್ಪುವುದು ಒಂದು ಸೆಕೆಂಡಿನ ನೂರರಲ್ಲಿ ಒಂದು ಪಾಲಿನಷ್ಟು. ರೋಗಿಗೂ ನರ್ಸಿಗೂ ಅದು ಲೆಕ್ಕಕ್ಕಿಲ್ಲ. ನಾಡಿ ನೋಡುವವಳಿಗೆ ಬೇಕಾದ್ದು ಬೇರೆ: ಸೆಕೆಂಡಿನ ಮುಳ್ಳು ಉದ್ದವಾಗಿರಬೇಕು, ಡಯಲಿನ ಬಣ್ಣದಿಂದ ಎದ್ದು ಕಾಣಬೇಕು, ರಾತ್ರಿ ಪಾಳಿಯ ಮಂದ ಬೆಳಕಿನಲ್ಲೂ ತಿಳಿಯಬೇಕು. ಸೆಲ್ಲಿನ ವಾಚಾದರೆ ಮುಳ್ಳು ಪ್ರತಿ ಸಲವೂ ಗೆರೆಯ ಮೇಲೇ ಬೀಳುತ್ತದೆಯೇ, ಎರಡು ಗೆರೆಗಳ ನಡುವೆಯೇ ಎಂದು ಅಂಗಡಿಯಲ್ಲೇ ಒಂದು ನಿಮಿಷ ನಿಂತು ನೋಡಬಹುದು. ಜೋಡಿಸಿದವರ ಶ್ರದ್ಧೆ ಅಲ್ಲಿ ಗೊತ್ತಾಗುತ್ತದೆ.

ಆಮೇಲೆ ಗಾಜು. ಕಾವೇರಿಯ ಮರಳಿನಲ್ಲಿ ಹೆಚ್ಚಿನ ಪಾಲು ಸ್ಫಟಿಕವೇ, ವಾಚಿನೊಳಗೆ ಕಂಪಿಸುವ ಅದೇ ವಸ್ತು. ಗಡಸುತನದ ಮೋಸ್ ಅಳತೆಯಲ್ಲಿ ಅದಕ್ಕೆ 7. ಮಾಮೂಲಿ ಗಾಜು ಅದಕ್ಕಿಂತ ಮೆದು, ಹಾಗಾಗಿ ಮರಳು ಉಜ್ಜಿದರೆ ಗೀರು ಬೀಳುತ್ತದೆ. ಸಫೈರ್ ಗಾಜಿಗೆ 9. ಬೆಲೆ ಏರಿದ್ದಕ್ಕೆ ಕಾರಣ ಸಫೈರ್ ಆದರೆ ಒಪ್ಪಬಹುದು. ಕಾರಣ ಬರೀ ಡಬ್ಬಿಯಾದರೆ ಒಪ್ಪಬೇಕಿಲ್ಲ.

ನೀರಿನ ವಿಷಯದಲ್ಲಿ ಮೋಸ ಹೋಗುವವರು ಹೆಚ್ಚು. ಹಿಂಬದಿಯಲ್ಲಿ 30 ಮೀಟರ್ ಎಂದಿದ್ದರೆ ಅಷ್ಟು ಆಳಕ್ಕೆ ಇಳಿಯಬಹುದೆಂದಲ್ಲ. ಅದು ಪರೀಕ್ಷೆಯ ಒತ್ತಡದ ಲೆಕ್ಕ. ಮಳೆ ಹನಿಗೂ ಕೈ ತೊಳೆಯುವಾಗ ಸಿಡಿಯುವ ನೀರಿಗೂ ಸಾಕು. ಪಶ್ಚಿಮವಾಹಿನಿಯಲ್ಲಿ ಈಜಾಡುವವರು 100 ಮೀಟರಿನದನ್ನೇ ಕೊಳ್ಳಲಿ. ಒಳಗಿನ ರಬ್ಬರ್ ಉಂಗುರ ವರ್ಷ ಕಳೆದಂತೆ ಸೊರಗುತ್ತದೆ. ಸೆಲ್ಲು ಬದಲಿಸುವಾಗ ಅದನ್ನೂ ನೋಡಿಸಬೇಕು.

ಕೊನೆಗೆ ಮಿಷನ್. ಎರಡು ಸಾವಿರದ ವಾಚಿನಲ್ಲೂ ಎಂಟು ಸಾವಿರದ ವಾಚಿನಲ್ಲೂ ಒಂದೇ ಜಪಾನಿ ಮಿಷನ್ ಇರುವುದು ಸಾಮಾನ್ಯ. ಬಹಳಷ್ಟು ಕಂಪನಿಗಳು ಬಳಸುವ ಮಿಯೋಟಾ ಮಿಷನ್ ಮಾಡುವುದು ಸಿಟಿಜನ್ ಬಳಗ. ಬೆಂಗಳೂರಿನಲ್ಲಿ 1961ರಲ್ಲಿ ಎಚ್‌ಎಂಟಿ ವಾಚು ಶುರುವಾದಾಗ ಕೈಹಿಡಿದು ಕಲಿಸಿದ್ದೂ ಇದೇ ಸಿಟಿಜನ್. ಟೈಟಾನ್ 1980ರ ದಶಕದಲ್ಲಿ ಹೊಸೂರಿನಿಂದ ಸೆಲ್ಲಿನ ವಾಚು ತಂದ ಮೇಲೆ ಎಚ್‌ಎಂಟಿ ಹಿಂದೆ ಬಿತ್ತು. ಅದರ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಈಗ ಹಳೆಯ ಎಚ್‌ಎಂಟಿಗೆ ಹೊಸ ಬಣ್ಣದ ಡಯಲ್ ಹಚ್ಚಿ, ಹತ್ತು ವಾಚಿನ ಬಿಡಿಭಾಗ ಸೇರಿಸಿ ಮಾರುತ್ತಾರೆ. ಡಯಲ್ ಹೊಳೆಯುತ್ತಿದ್ದು ಒಳಗಿನ ಮಿಷನ್ ಮಾಸಿದ್ದರೆ ಕೈ ಬಿಡುವುದೇ ಲೇಸು.

ಶ್ರೀರಂಗಪಟ್ಟಣದ ನಮ್ಮ ರಿಪೇರಿಯವರ ಮೇಜು ಒಂದು ಹಲಗೆಯಷ್ಟು ಅಗಲ. ಅವರ ಮಾನದಂಡ ಒಂದೇ: “ಬಿಚ್ಚಕ್ಕಾಯ್ತದಾ, ಸಾಮಾನು ಸಿಕ್ತದಾ, ಅಷ್ಟು ನೋಡಿ ಸಾರ್.” ಈ ಊರಿಗೆ ಆ ಮಾತು ಹಳೆಯದು. ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಪ್ಯಾರಿಸ್ ತಲುಪಿ ಕುಶಲಕರ್ಮಿಗಳನ್ನು ಕೇಳಿದಾಗ ಆ ಪಟ್ಟಿಯಲ್ಲಿ ಗಡಿಯಾರ ಮಾಡುವವರೂ ಇದ್ದರು. ಗಡಿಯಾರ ತರಿಸುವುದಷ್ಟೇ ಸಾಲದು, ಕೈಚಳಕವೂ ಊರಲ್ಲಿರಬೇಕು ಎಂಬ ತಿಳಿವಳಿಕೆ ಅದು.

ಇಷ್ಟೆಲ್ಲ ಅಳೆದು ಹುಡುಗಿ ಆರಿಸಿದ್ದು 5,500ರ ಸೆಲ್ಲಿನ ವಾಚು. ಸ್ಟೀಲ್ ಕೇಸು, ಸಫೈರ್ ಗಾಜು, ವಾರ್ಡಿನಲ್ಲಿ ಕೈ ತೊಳೆಯುವಾಗ ಸರಕ್ಕನೆ ಬಿಚ್ಚಿ ಜೇಬಿಗೆ ಹಾಕಬಹುದಾದ ಚೈನು. ಅಂಗಡಿ ಬಾಗಿಲು ದಾಟಿದರೆ ಅದರ ಮಾರಾಟದ ಬೆಲೆ ಅರ್ಧಕ್ಕಿಳಿಯುತ್ತದೆ ಎಂದು ನಾನು ಎಚ್ಚರಿಸಿದೆ. “ಮಾರಕ್ಕಲ್ವಲ್ಲ ಮಾವ ತಕತಿರದು” ಎಂದಳು.

ಮನೆಗೆ ಬಂದವಳು ಒಂದು ಪ್ರಶ್ನೆ ಎತ್ತಿದಳು. ಇಷ್ಟಕ್ಕೆ ಇಷ್ಟು ಒಳ್ಳೆಯದು ಸಿಗುವಾಗ ಗಂಡಿಗೆ 20 ಸಾವಿರದ್ದು ಏಕೆ? ಆ ವಾಚಿನಲ್ಲಿ 14,500 ರೂಪಾಯಿಗೆ ಬರುವುದೇನು? ಅಕ್ಕ “ಮರ್ಯಾದೆ” ಎಂದಳು. ಗಾಜು, ನೀರು, ಮಿಷನ್ ಎಲ್ಲಕ್ಕೂ ಅಳತೆ ಹೇಳಿದ್ದ ನನ್ನ ಬಳಿ ಅದಕ್ಕೆ ಅಳತೆ ಇರಲಿಲ್ಲ. ಹುಡುಗಿಯೇ ಆ ಹುಡುಗನಿಗೆ ಫೋನು ಮಾಡಿ ನೇರವಾಗಿ ಕೇಳಿದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಂದು ಯಾವ್ದೋ ನಂದೂ ಅದೇ ಇರ್ಲಿ” ಎಂದನಂತೆ.

ಅಕ್ಕ ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಮದುವೆಯಲ್ಲಿ ಗಂಡಿನ ದೊಡ್ಡಪ್ಪ ಹುಡುಗನ ಮಣಿಕಟ್ಟು ಹಿಡಿದು ಎಷ್ಟಕ್ಕೆ ಬಂತೆಂದು ಕೇಳಿಯೇ ಬಿಟ್ಟರು. ಹುಡುಗ ಇದ್ದದ್ದನ್ನು ಇದ್ದಂತೆ ಹೇಳಿದ. ಅವರ ಮುಖ ಇಳಿಯಿತು, ಪಕ್ಕದಲ್ಲಿದ್ದ ಅಕ್ಕನದೂ. ಆ ತಿಂಗಳ ಒಡವೆ ಸಾಲದ ಬಡ್ಡಿಯನ್ನು ಮಾತ್ರ ಅಕ್ಕ ಗಡುವಿಗೆ ಮೊದಲೇ ಕಟ್ಟಿ ಬಂದಿದ್ದಳು.